ಯಾವ ಪ್ರೋಗ್ರಾಮಿಂಗ್ ಭಾಷೆ ಹಿಡಿಯೋಣ? ತೋಟದ ಬಟವಾಡೆಯಿಂದ ಮಳೆಮಾಪಕದವರೆಗೆ ಒಂದು ಹೋಲಿಕೆ

ಡಿಸೆಂಬರ್‌ನ ಒಂದು ಶನಿವಾರ. ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ಸಂಜೆ ಬಟವಾಡೆ ನಡೆಯುತ್ತಿತ್ತು. ಕುಯ್ಲಿನ ಲೆಕ್ಕಕ್ಕೆ ನಾನು ಬರೆದುಕೊಟ್ಟ ಪುಟ್ಟ ಪ್ರೋಗ್ರಾಂ ಅಲ್ಲಿನ ಆಫೀಸಿನಲ್ಲಿತ್ತು. ದಿನಕ್ಕೆ ಎಲ್ಲರಿಗಿಂತ ಜಾಸ್ತಿ ಹಣ್ಣು ಕುಯ್ದವರಿಗೆ 50 ರೂಪಾಯಿ ಇನಾಮು. ತೋಟದ ಲೆಕ್ಕ ಬರೆಯುವ ರೈಟರ್ ಕಂಪ್ಯೂಟರ್ ನೋಡಿ ಹೆಸರು ಓದಿದರು. ಸಾಲಿನಲ್ಲಿದ್ದ ಹೆಂಗಸೊಬ್ಬರು ಅಲ್ಲೇ ತಡೆದರು.

"ರೈಟ್ರೇ, ಅವಳು ತೂಗಿದ್ದು ತೊಂಬತ್ತೆಂಟು. ನಂದು ನೂರಾ ಹನ್ನೆರಡು. ತಕ್ಕಡಿ ಹತ್ರ ನೀವೇ ನಿಂತಿದ್ರಲ್ಲ?"

ರೈಟರ್ ಚೆಕ್‌ರೋಲ್, ಅಂದರೆ ಕೈಯಲ್ಲಿ ಬರೆದ ಲೆಕ್ಕದ ಪುಸ್ತಕ, ತೆಗೆದು ನೋಡಿದರು. ಅವರು ಹೇಳಿದ್ದೇ ಸರಿ. ತಪ್ಪು ನನ್ನ ಪ್ರೋಗ್ರಾಮಿನದು.

ಆಗಿದ್ದು ಇಷ್ಟೇ. ಪ್ರೋಗ್ರಾಂ ಜಾವಾಸ್ಕ್ರಿಪ್ಟ್‌ನಲ್ಲಿತ್ತು. ಆ ದಿನದ ತೂಕಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ಕೊನೆಯದನ್ನು ಆರಿಸು ಅಂತ ಬರೆದಿದ್ದೆ. ಜಾವಾಸ್ಕ್ರಿಪ್ಟ್‌ಗೆ ಸುಮ್ನೆ 'ಸಾರ್ಟ್ ಮಾಡು' ಅಂದರೆ ಅದು ಅಂಕಿಗಳನ್ನು ಅಂಕಿಗಳಾಗಿ ನೋಡುವುದಿಲ್ಲ, ನಿಘಂಟಿನ ಪದಗಳ ಹಾಗೆ ಜೋಡಿಸುತ್ತದೆ. 1ರಿಂದ ಶುರುವಾಗುವುದು ಮೊದಲು, 9ರಿಂದ ಶುರುವಾಗುವುದು ಕೊನೆಗೆ. ಹಾಗಾಗಿ 98, 105, 112 ಕೊಟ್ಟರೆ 105, 112, 98 ಅಂತ ಬರುತ್ತದೆ. ಕೊನೆಗೆ ನಿಂತ 98ಕ್ಕೆ ಇನಾಮು!

ನವೆಂಬರ್ ಪೂರ್ತಿ ಇದೇ ಪ್ರೋಗ್ರಾಂ ಸರಿಯಾಗಿ ನಡೆದಿತ್ತು. ಅದು ಫ್ಲೈ ಪಿಕಿಂಗ್ ಸಮಯ. ಗಿಡದಲ್ಲಿ ಅಲ್ಲೊಂದು ಇಲ್ಲೊಂದು ಹಣ್ಣು. ಯಾರ ತೂಕವೂ 100 ದಾಟುತ್ತಿರಲಿಲ್ಲ. ಎಲ್ಲವೂ ಎರಡಂಕಿ ಆಗಿದ್ದರೆ ನಿಘಂಟಿನ ಕ್ರಮವೂ ಅಂಕಿಯ ಕ್ರಮವೂ ಒಂದೇ. ಕುಯ್ಲು ಜೋರಾಗಿ ಮೂರಂಕಿ ಬಂದ ದಿನವೇ ತಪ್ಪು ಹೊರಬಿತ್ತು. ಅದೂ ಕಂಪ್ಯೂಟರ್ ಹೇಳಿದ್ದಲ್ಲ, ಹಣ್ಣು ಕುಯ್ದವರು ಹೇಳಿದ್ದು.

ಹಾಸನ, ಚಿಕ್ಕಮಗಳೂರಿನ ಇಂಜಿನಿಯರಿಂಗ್ ಹುಡುಗರು ಈಗಲೂ ನನ್ನನ್ನು ಕೇಳುತ್ತಾರೆ. "ಅಣ್ಣಾ, ಯಾವ ಲ್ಯಾಂಗ್ವೇಜ್ ಕಲೀಲಿ? ಪೈಥಾನಾ, ಜಾವಾನಾ, ರಸ್ಟಾ?" ಯಾವುದು ವೇಗ, ಯಾವುದಕ್ಕೆ ಕೆಲಸ ಜಾಸ್ತಿ ಅನ್ನುವುದಕ್ಕೆ ಎಲ್ಲ ಕಡೆ ಉತ್ತರ ಸಿಗುತ್ತದೆ. ಅದನ್ನು ನಾನು ಮತ್ತೆ ಹೇಳುವುದಿಲ್ಲ. ಆ ಶನಿವಾರದ ನಂತರ ನಾನು ಭಾಷೆ ಆರಿಸುವಾಗ ನೋಡುವುದೇ ಬೇರೆ: ನಾನು ತಪ್ಪು ಮಾಡಿದರೆ ಅದು ಯಾರ ಕಣ್ಣಿಗೆ, ಯಾವಾಗ ಬೀಳುತ್ತದೆ? ಬರೆಯುವಾಗಲೇ ನನಗೆ ಗೊತ್ತಾಗುತ್ತದಾ? ಓಡುವಾಗ ಪ್ರೋಗ್ರಾಂ ನಿಂತುಹೋಗಿ ರೈಟರ್‌ಗೆ ಗೊತ್ತಾಗುತ್ತದಾ? ಅಥವಾ ಏನೂ ಆಗದ ಹಾಗೆ ನಡೆದು, ಕೂಲಿ ಕಡಿಮೆ ಬಂದವರಿಗೆ ಗೊತ್ತಾಗುತ್ತದಾ? ಈ ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಎಲ್ಲ ಭಾಷೆಯಲ್ಲೂ ಇದು ಒಂದಲ್ಲ ಒಂದು ಮೂಲೆಯಲ್ಲಿ ಅಡಗಿದೆ. ಮೂಲೆ ಮಾತ್ರ ಬೇರೆ ಬೇರೆ.

ಜಾವಾಸ್ಕ್ರಿಪ್ಟ್, ಟೈಪ್‌ಸ್ಕ್ರಿಪ್ಟ್

1995ರಲ್ಲಿ ಬ್ರೆಂಡನ್ ಐಕ್ ಇದರ ಮೊದಲ ರೂಪವನ್ನು 10 ದಿನದಲ್ಲಿ ಮಾಡಿದರು ಅನ್ನುವುದು ಎಲ್ಲರಿಗೂ ಗೊತ್ತಿರುವ ಕಥೆ. ಬ್ರೌಸರ್ ಇರುವ ಕಡೆಯೆಲ್ಲ ಓಡುತ್ತದೆ, ಬೇರೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ತೋಟದ ಆಫೀಸಿಗೆ ನಾನು ಇದನ್ನು ಹಿಡಿದಿದ್ದೂ ಅದಕ್ಕೇ. ಇದರ ಗುಣವೂ ದೋಷವೂ ಒಂದೇ: ಯಾವುದಕ್ಕೂ ಇಲ್ಲ ಅನ್ನುವುದಿಲ್ಲ. ಬೆಳಗಿನ ತೂಕ 60, ಸಂಜೆಯದು 45. ಫಾರಂನಲ್ಲಿ ಟೈಪ್ ಮಾಡಿದ್ದು ಅಕ್ಷರವಾಗಿಯೇ ಬರುತ್ತದೆ. ಹಾಗೇ ಕೂಡಿದರೆ 105 ಬರುವುದಿಲ್ಲ, 6045 ಬರುತ್ತದೆ. ತಮಾಷೆ ಅಂದರೆ ಕಳೆದರೆ ಸರಿಯಾಗಿ 15 ಬರುತ್ತದೆ. ಕೂಡುವುದು ಅಂಟಿಸುತ್ತದೆ, ಕಳೆಯುವುದು ಲೆಕ್ಕ ಮಾಡುತ್ತದೆ. 6045 ಕಿಲೋ ಅಂದರೆ ಯಾರಿಗಾದರೂ ಕಣ್ಣಿಗೆ ಹೊಡೆಯುತ್ತದೆ, ಅದು ದೊಡ್ಡ ಕಷ್ಟವಲ್ಲ. 98ರ ಕಥೆ ಹಾಗಲ್ಲ ನೋಡಿ. ಅದು ನಂಬುವ ಹಾಗಿತ್ತು.

2012ರಲ್ಲಿ ಬಂದ ಟೈಪ್‌ಸ್ಕ್ರಿಪ್ಟ್ ಇದಕ್ಕೆ ಒಳ್ಳೆ ಮದ್ದು. ಅಂಕಿ ಇರಬೇಕಾದ ಕಡೆ ಅಕ್ಷರ ಕೊಟ್ಟರೆ ಬರೆಯುವಾಗಲೇ ಕೆಂಪು ಗೆರೆ ಬರುತ್ತದೆ. ಆದರೆ ಅದರ ಕಾವಲು ಬರೆಯುವ ಹೊತ್ತಿಗೆ ಮುಗಿಯಿತು. ಓಡುವಾಗ ಇರುವುದು ಮತ್ತದೇ ಜಾವಾಸ್ಕ್ರಿಪ್ಟ್. ಸರ್ವರ್‌ನಿಂದ ಬರುವ ತೂಕ ಅಂಕಿ ಅಂತ ನೀವು ಬರೆದಿಟ್ಟರೆ ಅದು ನಿಮ್ಮ ಮಾತು ನಂಬುತ್ತದೆ. ಬಂದದ್ದು ಅಕ್ಷರವಾಗಿದ್ದರೆ ಕೇಳುವವರಿಲ್ಲ. ಇನ್ನು ಆ ಸಾರ್ಟ್ ತಪ್ಪನ್ನೂ ಟೈಪ್‌ಸ್ಕ್ರಿಪ್ಟ್ ತಾನಾಗಿ ಹಿಡಿಯುವುದಿಲ್ಲ. ಅಂಕಿಗಳ ಪಟ್ಟಿಯನ್ನು ಸಾರ್ಟ್ ಮಾಡು ಅನ್ನುವುದು ಅದರ ಲೆಕ್ಕದಲ್ಲಿ ಸರಿಯಾದ ಮಾತೇ!

ಪೈಥಾನ್: ಓದಲು ಸುಲಭ, ಅರ್ಧ ರೂಪಾಯಿ ಎಲ್ಲಿ ಹೋಯಿತು?

ಮುಂದಿನ ವರ್ಷ ಅದೇ ಲೆಕ್ಕವನ್ನು ಪೈಥಾನ್‌ನಲ್ಲಿ ಬರೆದೆ. ಕಲಿಯಲು ಇದಕ್ಕಿಂತ ಸುಲಭದ್ದು ನನಗೆ ಗೊತ್ತಿಲ್ಲ. ಸಾರ್ಟ್ ಸರಿಯಾಗಿದೆ. ಅಂಕಿಗೆ ಅಕ್ಷರ ಕೂಡಲು ಹೋದರೆ ಅಲ್ಲೇ ನಿಂತು ಬೈಯುತ್ತದೆ. ನಿಶ್ಚಿಂತೆ ಅಂದುಕೊಂಡೆ.

ಎರಡನೇ ವಾರ ರೈಟರ್ ಫೋನ್ ಮಾಡಿದರು. "ಸಾರ್, ನನ್ನ ಪುಸ್ತಕಕ್ಕೂ ನಿಮ್ಮ ಕಂಪ್ಯೂಟರಿಗೂ ಹನ್ನೊಂದು ರೂಪಾಯಿ ವ್ಯತ್ಯಾಸ ಬರ್ತಿದೆ. ಯಾವುದು ಸರಿ?" ಕಿಲೋಗೆ 4.50 ರೂಪಾಯಿ ಕೂಲಿ. 93 ಕಿಲೋಗೆ 418.50. ರೈಟರ್ ಅದನ್ನು 419 ಮಾಡಿದ್ದರು. ಊರಲ್ಲಿ ಯಾರೇ ಆದರೂ ಹಾಗೇ ಮಾಡುವುದು, ಅಲ್ವಾ? ಪೈಥಾನ್ 418 ಮಾಡಿತ್ತು. ಆದರೆ 95 ಕಿಲೋಗೆ ಬರುವ 427.50 ಅನ್ನು ಅದೇ ಪೈಥಾನ್ 428 ಮಾಡಿತ್ತು! ನಾನು ತಲೆ ಕೆರೆದುಕೊಂಡೆ.

ಪೈಥಾನ್ 3ರಲ್ಲಿ ಸರಿಯಾಗಿ ಅರ್ಧ ಬಂದರೆ ಹತ್ತಿರದ ಸಮಸಂಖ್ಯೆಗೆ ತಿರುಗಿಸುತ್ತದೆ. 418 ಸಮ, ಹಾಗಾಗಿ ಕೆಳಕ್ಕೆ. 428 ಸಮ, ಹಾಗಾಗಿ ಮೇಲಕ್ಕೆ. ಸಾವಿರಾರು ಲೆಕ್ಕ ಕೂಡಿದಾಗ ಮೊತ್ತ ಒಂದೇ ಕಡೆ ವಾಲಬಾರದು ಅಂತ ಮಾಡಿರುವ ಪದ್ಧತಿ ಇದು. ಅದರಲ್ಲಿ ಅರ್ಥ ಇದೆ. ಹಳೆಯ ಪೈಥಾನ್ 2ರಲ್ಲಿ ಹೀಗಿರಲಿಲ್ಲ, ಅಲ್ಲಿ 2.5 ಅಂದರೆ 3. ಅಂದರೆ ಹಳೆ ಪ್ರೋಗ್ರಾಮನ್ನು ಹೊಸದಕ್ಕೆ ತಂದವರಿಗೆ ಎಲ್ಲೂ ಎರರ್ ಬಾರದೆ ಉತ್ತರ ಬದಲಾಗಿರುತ್ತದೆ. ನನ್ನ ತೋಟದಲ್ಲಿ ಸರಿ ಯಾವುದು ಅಂದರೆ ರೈಟರ್ ಪುಸ್ತಕದ್ದು. ಕೂಲಿಯವರೊಡನೆ ಮಾತಾಗಿರುವುದು ಆ ಲೆಕ್ಕ.

ಇದರ ಜೊತೆಗೆ ದಶಮಾಂಶದ ಹಳೇ ಕಾಟ. 0.1 ಮತ್ತು 0.2 ಕೂಡಿದರೆ ಪೈಥಾನ್ 0.30000000000000004 ತೋರಿಸುತ್ತದೆ. ಇದನ್ನು ಪೈಥಾನ್ ಮೇಲೆ ಹೊರಿಸಬಾರದು. ಜಾವಾಸ್ಕ್ರಿಪ್ಟ್, ಜಾವಾ, ಸಿ, ಎಲ್ಲದರಲ್ಲೂ ಹೀಗೇ. ಅವು ದಶಮಾಂಶವನ್ನು ಎರಡರ ಘಾತಗಳಲ್ಲಿ ಇಡುತ್ತವೆ, 0.1 ಅದರಲ್ಲಿ ಪೂರ್ತಿ ಕೂರುವುದಿಲ್ಲ. ದುಡ್ಡಿನ ಲೆಕ್ಕವನ್ನು ಪೈಸೆಯಲ್ಲಿ, ಪೂರ್ಣಾಂಕವಾಗಿ ಇಡುವುದು ಇದಕ್ಕೆ ಮದ್ದು. ಪೈಥಾನ್‌ನ ಪೂರ್ಣಾಂಕಕ್ಕೆ ಮಿತಿ ಇಲ್ಲ, ಎಷ್ಟು ದೊಡ್ಡದಾದರೂ ಹಿಡಿಯುತ್ತದೆ. ಈ ವಿಷಯದಲ್ಲಿ ಇದು ಬಹಳ ಧಾರಾಳಿ.

ಪೈಥಾನ್‌ನ ನಿಜವಾದ ಗುಟ್ಟಿನ ದೋಷ ಅಂತ ನನಗನಿಸುವುದು ಬೇರೆ. ವಾರದ ಕೂಲಿ ಭಾಗ 52 ಸಲ ಓಡುತ್ತದೆ. ವರ್ಷದ ಬೋನಸ್ ಭಾಗ ಓಡುವುದು ಒಂದೇ ಸಲ. ಆ ಬೋನಸ್ ಭಾಗದಲ್ಲಿ ನೀವು ಒಂದು ಹೆಸರಿನ ಕಾಗುಣಿತ ತಪ್ಪಿಸಿದ್ದರೆ ಪೈಥಾನ್ ಅದನ್ನು ಮೊದಲೇ ಹೇಳುವುದಿಲ್ಲ. ಆ ಸಾಲಿಗೆ ಕಾಲಿಟ್ಟಾಗ ಹೇಳುತ್ತದೆ. ಅಂದರೆ ಜನ ಆಫೀಸಿನ ಮುಂದೆ ಸಾಲು ನಿಂತಿರುವಾಗ. ಯಾವುದು ಅಂಕಿ, ಯಾವುದು ಅಕ್ಷರ ಅಂತ ಬರೆದಿಟ್ಟು ಮೊದಲೇ ಪರೀಕ್ಷಿಸುವ ಸಲಕರಣೆಗಳು ಇವೆ. ಆದರೆ ಅವು ನಿಮ್ಮ ಇಷ್ಟ, ಭಾಷೆಯ ಕಡ್ಡಾಯ ಅಲ್ಲ. ಇಷ್ಟಕ್ಕೆ ಬಿಟ್ಟ ಕೆಲಸವನ್ನು ನಾವು ಎಷ್ಟು ಮಾಡುತ್ತೇವೆ ಅಂತ ನಮಗೇ ಗೊತ್ತು.

ಜಾವಾ ಮತ್ತು ಎರಡು ಕೋಟಿಯ ಗೋಡೆ

ಪೈಸೆಯಲ್ಲಿ ಇಡಿ ಅಂದೆ. ಜಾವಾದಲ್ಲಿ ಬರೆಯುವವರು ಇಲ್ಲಿ ಒಂದು ನಿಮಿಷ ನಿಲ್ಲಿ. ಎಲ್ಲರೂ ರೂಢಿಯಲ್ಲಿ ಬಳಸುವ 'ಇಂಟ್' ಅನ್ನುವ 32 ಬಿಟ್ ಜಾಗದಲ್ಲಿ ಹಿಡಿಯುವ ಗರಿಷ್ಠ ಅಂಕಿ 2147483647. ಪೈಸೆ ಲೆಕ್ಕದಲ್ಲಿ ಇದು 2 ಕೋಟಿ 14 ಲಕ್ಷದ 74 ಸಾವಿರದ 836 ರೂಪಾಯಿ 47 ಪೈಸೆ. ಅದಕ್ಕೆ ಇನ್ನೊಂದು ಪೈಸೆ ಸೇರಿದರೆ? ಎರರ್ ಇಲ್ಲ, ಗದ್ದಲ ಇಲ್ಲ. ಮೊತ್ತ ಮೈನಸ್ 2 ಕೋಟಿ 14 ಲಕ್ಷಕ್ಕೆ ಮಗುಚಿಕೊಳ್ಳುತ್ತದೆ. ಕಾಫಿ, ಮೆಣಸು ಎರಡೂ ಇರುವ ದೊಡ್ಡ ತೋಟದ ವರ್ಷದ ವಹಿವಾಟು ಈ ಗೋಡೆ ಮುಟ್ಟುವುದು ಕಷ್ಟವೇನಲ್ಲ. 'ಲಾಂಗ್' ಬಳಸಿದರೆ ಮುಗಿಯಿತು. ಆದರೆ ಬಳಸಬೇಕು ಅಂತ ನೆನಪಿಸುವವರು ಯಾರೂ ಇಲ್ಲ. ಗೋ ಭಾಷೆಯಲ್ಲೂ 32 ಬಿಟ್ ಜಾಗ ಹೀಗೇ ಮಗುಚುತ್ತದೆ. ರಸ್ಟ್ ಪರೀಕ್ಷೆಯ ಹೊತ್ತಿನಲ್ಲಿ ನಿಂತು ಕೂಗುತ್ತದೆ, ಆದರೆ ಗಿರಾಕಿಗೆ ಕೊಡುವ ರಿಲೀಸ್ ರೂಪದಲ್ಲಿ, ನೀವು ಬೇರೆ ಹೇಳದಿದ್ದರೆ, ಅದೂ ಸದ್ದಿಲ್ಲದೆ ಮಗುಚುತ್ತದೆ. ರಸ್ಟ್ ಅಭಿಮಾನಿಗಳು ಇದನ್ನು ಮೆಲ್ಲಗೆ ಹೇಳುತ್ತಾರೆ.

ಜಾವಾದ ಇನ್ನೊಂದು ಕಾಟ 'ನಲ್', ಅಂದರೆ ಏನೂ ಇಲ್ಲದ್ದು. ಇದನ್ನು 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗೆ ತಂದ ಟೋನಿ ಹೋರ್ ಅವರೇ 2009ರಲ್ಲಿ ಅದು ತಾನು ಮಾಡಿದ ನೂರು ಕೋಟಿ ಡಾಲರಿನ ತಪ್ಪು ಅಂತ ಒಪ್ಪಿಕೊಂಡರು. ಆಂಡ್ರಾಯ್ಡ್ ಆಪ್ ಮಾಡುವವರು ಈಗ ಕಾಟ್ಲಿನ್ ಹಿಡಿಯುವುದು ಹೆಚ್ಚಾಗಿ ಇದಕ್ಕೇ. ಏನೂ ಇಲ್ಲದಿರಬಹುದಾದ ಜಾಗಕ್ಕೆ ಅದು ಮೊದಲೇ ಗುರುತು ಹಾಕಿಸುತ್ತದೆ. ಹಳೇ ಜಾವಾ ಕೋಡಿನಿಂದ ಬಂದ ವಸ್ತುವಿಗೆ ಮಾತ್ರ ಆ ಕಾವಲು ಸಡಿಲ.

ಸಿ ಮತ್ತು ಸಿ ಪ್ಲಸ್ ಪ್ಲಸ್: ಲಕ್ಷ್ಮಮ್ಮ ಎಷ್ಟು ಉದ್ದ?

ಇದು ನನ್ನ ಮೆಚ್ಚಿನ ಪರೀಕ್ಷೆ. 'ಲಕ್ಷ್ಮಮ್ಮ' ಅನ್ನುವ ಹೆಸರು ತೆಗೆದುಕೊಳ್ಳಿ. ಕಣ್ಣಿಗೆ ಮೂರು ಅಕ್ಷರ: ಲ, ಕ್ಷ್ಮ, ಮ್ಮ. ಕಂಪ್ಯೂಟರಿನ ಒಳಗೆ ಲ, ಕ, ವಿರಾಮ, ಷ, ವಿರಾಮ, ಮ, ಮ, ವಿರಾಮ, ಮ ಅಂತ ಒಂಬತ್ತು ಗುರುತುಗಳು. ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್ 8 ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟ್. ಒಟ್ಟು 27 ಬೈಟ್.

ಇಂಗ್ಲಿಷ್ ಪುಸ್ತಕ ನೋಡಿ ಸಿ ಕಲಿತವರು ಹೆಸರಿಗೆ 20 ಬೈಟಿನ ಜಾಗ ಇಡುತ್ತಾರೆ. ಇಂಗ್ಲಿಷ್ ಹೆಸರಿಗೆ ಅದು ಸಾಕು. ಲಕ್ಷ್ಮಮ್ಮನವರನ್ನು ಅಲ್ಲಿ ಕೂರಿಸಿದರೆ 27 ಬೈಟ್, ಕೊನೆಯ ಸೊನ್ನೆಗೆ ಇನ್ನೊಂದು. ಉಳಿದ 8 ಬೈಟ್ ಪಕ್ಕದ ಮನೆಗೆ ನುಗ್ಗುತ್ತವೆ. ಪಕ್ಕದಲ್ಲಿ ಅವರ ತೂಕ ಇದ್ದರೆ ತೂಕ ಕೆಡುತ್ತದೆ. ಬೇರೆಯವರ ಮುಂಗಡ ಇದ್ದರೆ ಅದು ಕೆಡುತ್ತದೆ. ಒಂದು ಕಂಪ್ಯೂಟರಿನಲ್ಲಿ ನಿಂತುಹೋಗಬಹುದು, ಇನ್ನೊಂದರಲ್ಲಿ ವರ್ಷವಿಡೀ ಏನೂ ಆಗದಿರಬಹುದು. ಸಿ ಭಾಷೆಯ ನಿಯಮದಲ್ಲೇ ಇದರ ಫಲ ಇಂಥದ್ದೇ ಅಂತ ಹೇಳಿಲ್ಲ.

ಬೇರೆ ಭಾಷೆಗಳು ಏನು ಮಾಡುತ್ತವೆ? ಹೆಸರಿನ ಉದ್ದ ಕೇಳಿದರೆ ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ 9 ಅನ್ನುತ್ತವೆ. ಗೋ ಮತ್ತು ರಸ್ಟ್ 27 ಅನ್ನುತ್ತವೆ. ನಮ್ಮ ಮಗ್ಗಿ ಪುಸ್ತಕದ ಉತ್ತರ 3, ಅದನ್ನು ಇವುಗಳಲ್ಲಿ ಒಂದೂ ಹೇಳುವುದಿಲ್ಲ. ಚೀಟಿಯಲ್ಲಿ ಜಾಗ ಸಾಲದು ಅಂತ 20 ಬೈಟಿಗೆ ಕತ್ತರಿಸಲು ಹೇಳಿ ನೋಡಿ. ಗೋ ಸುಮ್ಮನೆ ಕತ್ತರಿಸುತ್ತದೆ, ಕೊನೆಯಲ್ಲಿ ಮುರಿದ ಅಕ್ಷರದ ಬದಲು ಪ್ರಶ್ನೆಯ ಚಿಹ್ನೆಯ ಕಪ್ಪು ಡಬ್ಬಿ ಬರುತ್ತದೆ. ರಸ್ಟ್ ಅಕ್ಷರದ ನಡುವೆ ಕತ್ತರಿ ಬಿತ್ತು ಅಂತ ಪ್ರೋಗ್ರಾಮನ್ನೇ ನಿಲ್ಲಿಸುತ್ತದೆ. ಪೈಥಾನ್‌ನಲ್ಲಿ ಐದು ಗುರುತಿಗೆ ಕತ್ತರಿಸಿದರೆ 'ಲಕ್ಷ್' ಉಳಿಯುತ್ತದೆ. ಅಕ್ಷರ ಮುರಿದಿಲ್ಲ, ಹೆಸರು ಮುರಿದಿದೆ. ಯಾವುದು ವಾಸಿ? ಕೂಲಿ ಚೀಟಿಗಾದರೆ ನಾನು ಪೈಥಾನ್ ಅನ್ನುತ್ತೇನೆ. ಬ್ಯಾಂಕಿಗೆ ಕಳಿಸುವ ಪಟ್ಟಿಗಾದರೆ ನಿಂತುಹೋಗುವ ರಸ್ಟೇ ವಾಸಿ.

ಜಾಗದ ಅಳತೆ ನೋಡದ ಈ ಗುಣ ನಮ್ಮ ತೋಟದ ಚೀಟಿಗೆ ಮಾತ್ರ ಸೀಮಿತವಲ್ಲ. 1988ರಲ್ಲಿ ಇಂಟರ್ನೆಟ್‌ನಲ್ಲಿ ತಾನಾಗಿ ಹರಡಿದ ಮಾರಿಸ್ ವರ್ಮ್ ಅನ್ನುವ ಪ್ರೋಗ್ರಾಂ ಕಂಪ್ಯೂಟರ್‌ಗಳ ಒಳನುಗ್ಗಲು ಬಳಸಿದ ದಾರಿಗಳಲ್ಲಿ ಇದೂ ಒಂದು. ಅದಕ್ಕೆ ಕಾರಣವಾದ 'ಗೆಟ್ಸ್' ಅನ್ನುವ ಫಂಕ್ಷನ್ನನ್ನು ಸಿ ಭಾಷೆಯ ನಿಯಮದಿಂದ ತೆಗೆದುಹಾಕಿದ್ದು 2011ರಲ್ಲಿ! 2014ರ ಹಾರ್ಟ್‌ಬ್ಲೀಡ್ ಅನ್ನುವ ದೋಷ ಇದರ ತಮ್ಮ. ಅಲ್ಲಿ ಜಾಗ ಮೀರಿ ಬರೆದದ್ದಲ್ಲ, ಓದಿದ್ದು. ಒಂದು ಸಲ ಕೇಳಿದರೆ 64 ಕೆಬಿವರೆಗೂ ಸರ್ವರ್‌ನ ನೆನಪು (ಮೆಮೊರಿ) ಹೊರಗೆ ಸೋರುತ್ತಿತ್ತು, ಅದರಲ್ಲಿ ಪಾಸ್‌ವರ್ಡೂ ಇರಬಹುದು. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಭದ್ರತಾ ದೋಷಗಳ ಪೈಕಿ ಸುಮಾರು 70 ಶೇಕಡಾ ಈ ಜಾತಿಯವು ಅಂತ ಹೇಳಿತು.

ಹಾಗಾದರೆ ಸಿ ಬಿಟ್ಟುಬಿಡೋಣವೇ? ತೋಟದಲ್ಲಿ ಮಳೆ ಅಳೆಯುವ ಪೆಟ್ಟಿಗೆ ಮಾಡುವಾಗ ಬಿಡಲಾಗುವುದಿಲ್ಲ. ಆರ್ಡುಯಿನೋ ಉನೋ ಅನ್ನುವ ಪುಟ್ಟ ಬೋರ್ಡಿನಲ್ಲಿ (ಹಳೇ ಆರ್3 ರೂಪ) ಇರುವ ರ‍್ಯಾಮ್ 2 ಕೆಬಿ. ಅದರಲ್ಲಿ ಪೈಥಾನ್, ಜಾವಾದಂಥ ಭಾಷೆಗಳು ಕಾಲು ಚಾಚಲೂ ಜಾಗವಿಲ್ಲ. ಉದಾಹರಣೆಗಳು, ಸೆನ್ಸರ್‌ಗೆ ಬೇಕಾದ ಲೈಬ್ರರಿಗಳು ಎಲ್ಲ ಸಿ ಪ್ಲಸ್ ಪ್ಲಸ್‌ನಲ್ಲೇ ಸಿಗುತ್ತವೆ. ನಾನು ಮೊದಲು ಮಾಡಿದ ಮಳೆಮಾಪಕವೂ ಅದರಲ್ಲೇ. ಆ ಬೋರ್ಡಿನಲ್ಲಿ 'ಇಂಟ್' ಅಂದರೆ 16 ಬಿಟ್, ಗರಿಷ್ಠ 32767. ನಾನು ಮಳೆಯನ್ನು ಮಿಲಿಮೀಟರಿನ ನೂರನೇ ಒಂದು ಭಾಗದಲ್ಲಿ ಕೂಡಿಸುತ್ತಿದ್ದೆ. ಅಂದರೆ 327.67 ಮಿಲಿಮೀಟರ್ ತುಂಬಿದ ಮೇಲೆ ಗೋಡೆ. ಮಾರ್ಚ್, ಏಪ್ರಿಲ್‌ನ ಹೂ ಮಳೆಗೆ ಪರೀಕ್ಷೆ ಮಾಡಿದೆ, 80 ಸೆಂಟ್ಸ್ (ಇಂಚಿನ ನೂರನೇ ಭಾಗ ಒಂದು ಸೆಂಟ್), ಒಂದಿಂಚು, ಎಲ್ಲ ಸರಿಯಾಗಿ ಬಂತು. ಜುಲೈ ಬಂತು. ಮಲೆನಾಡಿನ ಜುಲೈಗೆ 13 ಇಂಚು ಯಾವ ಲೆಕ್ಕ? ಒಂದು ಬೆಳಿಗ್ಗೆ ತೋಟದ ಗೌಡರು ನಗುತ್ತಾ ಫೋನ್ ಮಾಡಿದರು. "ಏನಪ್ಪಾ, ನಿನ್ ಪೆಟ್ಟಿಗೆ ಮೈನಸ್ ಮುನ್ನೂರಿಪ್ಪತ್ತು ತೋರಿಸ್ತಿದೆ. ಮಳೆ ವಾಪಸ್ ಮೇಲಕ್ಕೆ ಹೋಗ್ತಿದೆಯಾ?"

ಸುರಕ್ಷಿತ ಭಾಷೆ ಇದ್ದರೆ ಸಾಕೇ?

32767 ಅನ್ನುವ ಅಂಕಿ ನನಗೆ ಮಾತ್ರ ಕೈಕೊಟ್ಟಿದ್ದಲ್ಲ. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ ಮೊದಲ ಸಲ ಹಾರಿತು. ಎಂಜಿನ್ ಉರಿದ ಸುಮಾರು 37 ಸೆಕೆಂಡಿಗೆ ದಾರಿ ತಪ್ಪಿ ಒಡೆದುಹೋಯಿತು. ಅದರ ದಿಕ್ಕು ನೋಡುವ ಸಾಫ್ಟ್‌ವೇರ್ ಏರಿಯಾನ್ 4ರಿಂದ ತಂದದ್ದು. ಹೊಸ ರಾಕೆಟ್ ಅಡ್ಡಕ್ಕೆ ಹೆಚ್ಚು ವೇಗವಾಗಿ ಸಾಗಿತು. 64 ಬಿಟ್‌ನ ಒಂದು ದಶಮಾಂಶವನ್ನು 16 ಬಿಟ್ ಪೂರ್ಣಾಂಕದೊಳಗೆ ತುರುಕಲು ಹೋದಾಗ ಹಿಡಿಸಲಿಲ್ಲ.

ಆ ಸಾಫ್ಟ್‌ವೇರ್ ಇದ್ದದ್ದು ಏಡಾ ಭಾಷೆಯಲ್ಲಿ. ಏಡಾ ಅಂದರೆ ಸುರಕ್ಷತೆಗೇ ಹೆಸರಾದ ಭಾಷೆ. ನನ್ನ ಮಳೆಮಾಪಕದ ಹಾಗೆ ಅದು ಸುಮ್ಮನೆ ಮೈನಸ್ ತೋರಿಸಲಿಲ್ಲ. ತಪ್ಪನ್ನು ಸರಿಯಾಗಿ ಹಿಡಿಯಿತು, ಕೂಗಿತು. ಕೂಗಿದಾಗ ಏನು ಮಾಡಬೇಕು ಅಂತ ಆ ಜಾಗದಲ್ಲಿ ಯಾರೂ ಬರೆದಿರಲಿಲ್ಲ. ಹಾಗಾಗಿ ಆ ಘಟಕವೇ ಕೆಲಸ ನಿಲ್ಲಿಸಿತು. ಅದಕ್ಕೆ ಬದಲಿಯಾಗಿ ಇಟ್ಟಿದ್ದ ಇನ್ನೊಂದು ಘಟಕವೂ ಅದೇ ಸಾಫ್ಟ್‌ವೇರ್ ಓಡಿಸುತ್ತಿತ್ತು, ಅದೂ ಅದೇ ಕಾರಣಕ್ಕೆ ನಿಂತಿತ್ತು. ಎಲ್ಲಕ್ಕಿಂತ ಬೇಸರದ ಸಂಗತಿ ಅಂದರೆ ಆ ಲೆಕ್ಕ ರಾಕೆಟ್ ಮೇಲೆದ್ದ ನಂತರ ಏರಿಯಾನ್ 5ಕ್ಕೆ ಬೇಕೇ ಇರಲಿಲ್ಲ.

ಇದನ್ನು ಹಾಸನದ ಹುಡುಗರಿಗೆ ಹೇಳುವಾಗ ಸಾಲಗಾಮೆ ರಸ್ತೆಯ ಕಡೆ ಕೈ ತೋರಿಸುತ್ತೇನೆ. ಅಲ್ಲಿ ಇಸ್ರೋದ ಎಂಸಿಎಫ್ ಇದೆ, 1982ರಿಂದ ನಮ್ಮ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುವ ಕೇಂದ್ರ. 2018ರ ಡಿಸೆಂಬರ್‌ನಲ್ಲಿ 5.8 ಟನ್ ತೂಕದ ಜಿಸ್ಯಾಟ್ 11 ಅನ್ನು ಮೇಲಕ್ಕೆ ಒಯ್ದದ್ದು ಅದೇ ಏರಿಯಾನ್ 5ರ ಮುಂದಿನ ಪೀಳಿಗೆ. ರಾಕೆಟ್‌ನಿಂದ ಬಿಡಿಸಿಕೊಂಡ ಕೂಡಲೇ ಅದರ ಲಗಾಮು ಹಾಸನದ ಕೈಗೆ ಬಂತು. ಮೊದಲ ಹಾರಾಟದಲ್ಲಿ ಬಿದ್ದ ರಾಕೆಟ್ ಆಮೇಲೆ ನಂಬಿಕಸ್ಥ ಅನ್ನಿಸಿಕೊಂಡಿತು.

ಇಲ್ಲಿಂದ ರಸ್ಟ್ ವಿಷಯಕ್ಕೆ ಬರುವುದು ಸುಲಭ. 2015ರಲ್ಲಿ ಅದರ ಮೊದಲ ಪಕ್ಕಾ ಆವೃತ್ತಿ ಬಂತು. ಸಿ ಭಾಷೆಯಷ್ಟೇ ಚುರುಕು, ಆದರೆ ಪಕ್ಕದ ಮನೆಗೆ ನುಗ್ಗಲು ಬಿಡುವುದಿಲ್ಲ. ಯಾವ ವಸ್ತು ಯಾರ ಕೈಯಲ್ಲಿದೆ, ಯಾರು ಎರವಲು ಪಡೆದಿದ್ದಾರೆ ಅಂತ ಬರೆಯುವಾಗಲೇ ಲೆಕ್ಕ ಕೇಳುತ್ತದೆ. ಫಲ ಕಾಣಿಸಿದೆ. ಆಂಡ್ರಾಯ್ಡ್‌ನಲ್ಲಿ ಹೊಸ ಕೋಡನ್ನು ರಸ್ಟ್‌ನಂಥ ಭಾಷೆಗಳಲ್ಲಿ ಬರೆಯತೊಡಗಿದ ಮೇಲೆ ನೆನಪಿನ ಭದ್ರತಾ ದೋಷಗಳ ಪಾಲು 2019ರ 76 ಶೇಕಡಾದಿಂದ 2024ಕ್ಕೆ 24 ಶೇಕಡಾಗೆ ಇಳಿಯಿತು. 2022ರ ಕೊನೆಗೆ ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೂ ಅದಕ್ಕೆ ಜಾಗ ಸಿಕ್ಕಿತು.

ಆದರೆ ರಸ್ಟ್ ನೋಡಿಕೊಳ್ಳುವುದು ನೆನಪಿನ ಜಾಗವನ್ನು. ನಿಮ್ಮ ವಿವೇಕವನ್ನಲ್ಲ. 2025ರ ನವೆಂಬರ್ 18ರಂದು ಸೈಟುಗಳಿಗೂ ನೋಡುವವರಿಗೂ ನಡುವೆ ನಿಂತು ಕೆಲಸ ಮಾಡುವ ಕ್ಲೌಡ್‌ಫ್ಲೇರ್ ಕಂಪನಿ ಕೈಕೊಟ್ಟು ಪ್ರಪಂಚದ ಎಷ್ಟೋ ಸೈಟುಗಳು ಬಂದ್ ಆದವು. ಒಂದು ಫೈಲು ಇರಬೇಕಾದ್ದಕ್ಕಿಂತ ದೊಡ್ಡದಾಗಿ ಬಂತು. ಅದನ್ನು ಓದುವ ರಸ್ಟ್ ಪ್ರೋಗ್ರಾಂ 200ಕ್ಕಿಂತ ಹೆಚ್ಚು ಅಂಶ ಬರುವುದೇ ಇಲ್ಲ ಅಂತ ನಂಬಿತ್ತು. ಎರರ್ ಬಂದಾಗ ಏನು ಮಾಡಬೇಕು ಅಂತ ಬರೆಯುವ ಬದಲು 'ಅನ್‌ರ‍್ಯಾಪ್' ಅಂತ ಬರೆದಿತ್ತು. ಹಾಗಂದರೆ 'ಎರರ್ ಬರುವುದಿಲ್ಲ ಬಿಡು, ಬಂದರೆ ಸತ್ತುಹೋಗು' ಅಂತ. ಬಂತು, ಸತ್ತುಹೋಯಿತು. ಏಡಾದ ಕಥೆಯೇ, 29 ವರ್ಷದ ನಂತರ.

ರಸ್ಟ್‌ನ ಇನ್ನೊಂದು ಬೆಲೆ ನಮ್ಮ ಕಡೆ ಜಾಸ್ತಿ ಬೀಳುತ್ತದೆ. ನೀವು ಬರೆದಿಟ್ಟು ಬೆಂಗಳೂರಿಗೆ ಹೋದಿರಿ ಅಂದುಕೊಳ್ಳಿ. ಚಿಕ್ಕಮಗಳೂರಿನಲ್ಲಿ ಅದನ್ನು ಬಿಚ್ಚಿ ಸರಿಮಾಡುವವರು ಸಿಗುತ್ತಾರಾ? ಪೈಥಾನ್ ಆದರೆ ಡಿಗ್ರಿ ಓದುವ ಹುಡುಗಿಯೂ ನೋಡಿ ಕೊಡುತ್ತಾಳೆ. ಯಾರೂ ಮುಟ್ಟಲಾಗದ ಸುರಕ್ಷಿತ ಪ್ರೋಗ್ರಾಂ ಕೂಲಿ ದರ ಬದಲಾದ ದಿನ ನಿರುಪಯೋಗಿ.

ಪೆಟ್ಟಿಗೆಯ ಹೊರಗಿನ ಅಪಾಯಗಳು

ಹೋಂಸ್ಟೇ ಬುಕಿಂಗ್ ಸೈಟ್ ಮಾಡುವವರು ಇನ್ನೂ ಪಿಎಚ್‌ಪಿ ಹಿಡಿಯುತ್ತಾರೆ. ಅಗ್ಗದ ಹೋಸ್ಟಿಂಗ್ ಎಲ್ಲಿ ಬೇಕಾದರೂ ಸಿಗುತ್ತದೆ, ತಪ್ಪಲ್ಲ. ಎಚ್ಚರ ಬೇಕಾದ್ದು ಹಳೇ ಆವೃತ್ತಿಯ ಬಗ್ಗೆ. ಪಿಎಚ್‌ಪಿ 7ರವರೆಗೂ 'ಕಾಟೇಜ್' ಅನ್ನುವ ಪದವೂ 0 ಅನ್ನುವ ಅಂಕಿಯೂ ಒಂದೇನಾ ಅಂತ ಎರಡು ಸಮಚಿಹ್ನೆ ಹಾಕಿ ಕೇಳಿದರೆ ಹೌದು ಅನ್ನುತ್ತಿತ್ತು. 2020ರ ಪಿಎಚ್‌ಪಿ 8ರಿಂದ ಇಲ್ಲ ಅನ್ನುತ್ತದೆ. ಪಿಎಚ್‌ಪಿ 7ರ ಕೊನೆಯ ಆವೃತ್ತಿಗೂ 2022ರ ನವೆಂಬರ್‌ಗೆ ಬೆಂಬಲ ಮುಗಿದಿದೆ. ಗಿರಾಕಿ ಟೈಪ್ ಮಾಡಿದ್ದನ್ನು ನೇರ ಡೇಟಾಬೇಸ್ ಪ್ರಶ್ನೆಗೆ ಅಂಟಿಸುವ ಚಾಳಿ ಮಾತ್ರ ಯಾವ ಭಾಷೆಯಲ್ಲೂ ಮಾಡಬಹುದು. ಪಿಎಚ್‌ಪಿಗೆ ಕೆಟ್ಟ ಹೆಸರು ಬಂದದ್ದು ಅದರ ಹಳೇ ಪಾಠಗಳು ಹಾಗೇ ಕಲಿಸಿದ್ದರಿಂದ.

ಇನ್ನೊಂದು, ಬೇರೆಯವರ ಕೋಡು. 2016ರ ಮಾರ್ಚ್‌ನಲ್ಲಿ 'ಲೆಫ್ಟ್ ಪ್ಯಾಡ್' ಅನ್ನುವ 11 ಸಾಲಿನ ಜಾವಾಸ್ಕ್ರಿಪ್ಟ್ ತುಣುಕನ್ನು ಅದರ ಕರ್ತೃ ವಾಪಸ್ ತೆಗೆದುಕೊಂಡರು. ಅದನ್ನು ನೆಚ್ಚಿಕೊಂಡಿದ್ದ ಸಾವಿರಾರು ಕೆಲಸಗಳು ನಿಂತವು. 2021ರ ಡಿಸೆಂಬರ್‌ನಲ್ಲಿ ಜಾವಾದ ಲಾಗ್4ಜೆ. ಪ್ರೋಗ್ರಾಂ ಏನೇನು ಮಾಡಿತು ಅಂತ ದಾಖಲೆ (ಲಾಗ್) ಬರೆಯುವ ಲೈಬ್ರರಿಯ ಕಿಂಡಿಯಿಂದ ಹೊರಗಿನವರು ಒಳಗೆ ಬಂದು ತಮ್ಮ ಕೋಡು ಓಡಿಸಬಹುದಿತ್ತು. ಜಾವಾ ನೆನಪಿನ ವಿಷಯದಲ್ಲಿ ಸುರಕ್ಷಿತ ಭಾಷೆಯೇ. ಅದರಿಂದ ಇಲ್ಲಿ ಏನೂ ಉಪಯೋಗವಾಗಲಿಲ್ಲ.

ಹಾಗೇ ಯಾರೂ ಹೇಳದ ಒಂದು ಸಂಗತಿ: ತೋಟದ ಆಫೀಸಿನ ಕಂಪ್ಯೂಟರ್. ನಾನು ನೋಡಿದ ಎಷ್ಟೋ ಕಡೆ ಇನ್ನೂ ವಿಂಡೋಸ್ 7 ಇದೆ. ಪೈಥಾನ್ 3.9ರಿಂದ ಮುಂದಿನದು ಅದರಲ್ಲಿ ನಡೆಯುವುದಿಲ್ಲ. ನಡೆಯುವ 3.8ಕ್ಕೆ 2024ರಲ್ಲಿ ಬೆಂಬಲ ನಿಂತಿದೆ. ಗೋ 1.21 ಮತ್ತು ಮುಂದಿನವಕ್ಕೆ ವಿಂಡೋಸ್ 10 ಬೇಕು. 2024ರ ಮೇ ತಿಂಗಳಿಂದ ರಸ್ಟ್ ಕೂಡ ಹಾಗೇ. ಭಾಷೆ ಆರಿಸುವ ಮೊದಲು ಆ ಮೇಜಿನ ಕೆಳಗೆ ಬಗ್ಗಿ ನೋಡಿ ಬನ್ನಿ.

ಹಾಗಾದರೆ ನಾನು ಯಾವುದು ಹಿಡಿಯುತ್ತೇನೆ?

ಬಟವಾಡೆಗೆ ಪೈಥಾನ್. ದುಡ್ಡು ಪೈಸೆಯಲ್ಲಿ, ರೌಂಡ್ ಮಾಡುವ ನಿಯಮ ರೈಟರ್ ಹೇಳಿದಂತೆ ನನ್ನ ಕೈಯಿಂದ ಬರೆದದ್ದು. ಬೋನಸ್ ಭಾಗವನ್ನು ಪ್ರತಿ ತಿಂಗಳೂ ಸುಳ್ಳು ಲೆಕ್ಕ ಕೊಟ್ಟು ಓಡಿಸಿ ನೋಡುತ್ತೇನೆ. ನೆಟ್ ಇಲ್ಲದ, ಯಾರೂ ಏನೂ ಇನ್‌ಸ್ಟಾಲ್ ಮಾಡಲಾಗದ ತೋಟವಾದರೆ, ಕಂಪ್ಯೂಟರ್ ಹೊಸದಾಗಿದ್ದರೆ, ಗೋ. ಒಂದೇ ಫೈಲು, ಪೆನ್‌ಡ್ರೈವ್‌ನಲ್ಲಿ ಒಯ್ದು ಕೊಟ್ಟರಾಯಿತು. ಅದರಲ್ಲಿ ಎರರ್ ಬಂದದ್ದನ್ನು ಒಂದು ಅಡ್ಡಗೆರೆ ಹಾಕಿ ಮರೆಯುವ ಚಪಲ ಮಾತ್ರ ತಡೆಯಬೇಕು. ಮಳೆಮಾಪಕಕ್ಕೆ ಸಿ ಪ್ಲಸ್ ಪ್ಲಸ್, ಆದರೆ ಪ್ರತಿ ಅಂಕಿಗೂ ಎಷ್ಟು ಬಿಟ್ ಅಂತ ಬಾಯಿಬಿಟ್ಟು ಹೇಳಿ. ಹೋಂಸ್ಟೇಗೆ ಟೈಪ್‌ಸ್ಕ್ರಿಪ್ಟ್ ಅಥವಾ ಪಿಎಚ್‌ಪಿ 8, ಯಾವುದು ಬರುತ್ತದೋ ಅದು. ಫೋನಿನ ಆಪ್‌ಗೆ ಕಾಟ್ಲಿನ್. ಹೊರಗಿನವರು ಕಳಿಸುವ ಫೈಲು ತೆರೆದು ಓದುವ ಕೆಲಸ, ನೆಟ್ಟಿಗೆ ಸದಾ ತೆರೆದಿರುವ ಸರ್ವರ್, ಇಂಥದ್ದಕ್ಕೆ ಸಿ ಮುಟ್ಟುವುದಿಲ್ಲ. ರಸ್ಟ್ ಬರುವವರು ಇದ್ದರೆ ರಸ್ಟ್.

ಈಗ ಎಐ ಕೇಳಿದ ಭಾಷೆಯಲ್ಲಿ ಬರೆದುಕೊಡುತ್ತದೆ, ಭಾಷೆ ಯಾವುದಾದರೇನು ಅನ್ನುವವರಿದ್ದಾರೆ. ನನಗೆ ಉಲ್ಟಾ ಅನಿಸುತ್ತದೆ. ನಾವೇ ಬರೆಯದ ಕೋಡನ್ನು ನಾವು ಓದುವುದು ಕಡಿಮೆ. ಆಗ ಬರೆದ ಹೊತ್ತಿಗೇ ತಪ್ಪು ಹಿಡಿಯುವ ಭಾಷೆಯ ಬೆಲೆ ಜಾಸ್ತಿಯಾಗುತ್ತದೆ.

ಹೊಸ ಭಾಷೆ ಕೈಗೆ ಬಂದಾಗ ನಾನು ಒಂದು ಭಾನುವಾರ ಬೆಳಿಗ್ಗೆ ಇಷ್ಟು ಮಾಡುತ್ತೇನೆ. 98, 105, 112 ಕೊಟ್ಟು ಜೋಡಿಸಲು ಹೇಳುತ್ತೇನೆ. 418.50 ಮತ್ತು 427.50 ರೌಂಡ್ ಮಾಡಿಸುತ್ತೇನೆ. 2147483647ಕ್ಕೆ ಒಂದು ಕೂಡಿಸುತ್ತೇನೆ. ಲಕ್ಷ್ಮಮ್ಮನವರ ಉದ್ದ ಕೇಳುತ್ತೇನೆ. ತೂಕ ಬರೆಯುವ ಜಾಗದಲ್ಲಿ 'ರಜ' ಅಂತ ಬರೆದು ನೋಡುತ್ತೇನೆ, ಯಾಕೆಂದರೆ ರೈಟರ್ ಬರೆಯುವುದು ಹಾಗೇ. ಕಾಫಿ ಆರುವ ಮೊದಲು ಐದೂ ಮುಗಿಯುತ್ತವೆ.

ಆ ರೈಟರ್ ಇನ್ನೂ ಅಲ್ಲೇ ಇದ್ದಾರೆ. ಕಂಪ್ಯೂಟರ್ ಲೆಕ್ಕ ಮೂರು ವರ್ಷದಿಂದ ತಪ್ಪಿಲ್ಲ. ಆದರೂ ಸೀಸದಕಡ್ಡಿ ಹಿಡಿದು ಚೆಕ್‌ರೋಲ್ ಬರೆಯುವುದನ್ನು ಅವರು ಬಿಟ್ಟಿಲ್ಲ, ಬಿಡಿ ಅಂತ ನಾನೂ ಹೇಳಿಲ್ಲ.